ಅಂಗೈ ಗೋಡೆಯ ಊರು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ, ಬುಧವಾರ. ನಾಲ್ಕನೇ ಇಯತ್ತೆಯ ಪಾಟಿಯನ್ನು ಬಾವಿಕಟ್ಟೆಯ ಮೇಲಿಟ್ಟು, ಇವತ್ತು ಆ ಗುಡ್ಡದ ತನಕ ಹೋಗಿ ಬಂದು ನಾಳೆ ಸಾಲೆಗೆ ಹೋದರಾಯಿತು ಅಂದುಕೊಂಡೆ. ಗುಡ್ಡ ಹತ್ತಿದೆ. ಅದರಾಚೆ ಇನ್ನೊಂದು ಗುಡ್ಡ ಇತ್ತು. ತಪ್ಪು ನನ್ನದಲ್ಲ, ಗುಡ್ಡದ್ದು. ಆಮೇಲೆ ನಗುವುದಕ್ಕೆ ಅಪ್ಪಣೆ ಬೇಕಾದ ಊರು ಕಂಡೆ. ಬಾಗಿಲಿಲ್ಲದ ಊರು ಕಂಡೆ. ಬರೀ ಬಾಗಿಲುಗಳೇ ಇದ್ದ ಊರನ್ನೂ ಕಂಡೆ. ಮಾತಾಡುವ ಮುಂಚೆ ಗೋಡೆಗೆ ಅಂಗೈ ಕೊಡುವ ಊರು ಮಾತ್ರ ಒಂದೇ ಒಂದು ಕಂಡದ್ದು.

ಆ ಊರು ಹೊಳೆಯ ದಂಡೆಗೆ ಇತ್ತು. ಸುತ್ತ ಮಣ್ಣಿನ ಗೋಡೆ, ಮೂರಾಳೆತ್ತರ. ದೂರದಿಂದ ಸಿಡುಬು ಬಂದ ಮುಖದಂತೆ ಕಂಡಿತು. ಹತ್ತಿರ ಹೋದರೆ ಗೋಡೆಯ ತುಂಬ ಅಂಗೈ. ಗಂಡಿನ ಅಂಗೈ, ಹೆಣ್ಣಿನ ಅಂಗೈ, ಬೆರಳು ಕಳೆದುಕೊಂಡ ಅಂಗೈ. ಹಸಿ ಮಣ್ಣಿನಲ್ಲಿ ಬಡಿದ ಏಟು ಹಾಗೇ ಒಣಗಿ ನಿಂತಿತ್ತು.

ನಾನು ಹೋದ ದಿನ ಅಲ್ಲಿ ಗೆಲುವಿನ ದಿನ. ಊರಿಗೆ ಊರೇ ಗೋಡೆಯ ಮುಂದೆ ಸಾಲಾಗಿ ನಿಂತಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಗುರುತಿನ ಮುಂದೆ ನಿಂತು ಅಂಗೈ ಇಡುವರು. ಹಲಗೆ ಹಿಡಿದ ಡಂಗುರದವನು ಬಗ್ಗಿ ನೋಡುವನು. ಬೆರಳಿಗೆ ಬೆರಳು ಕೂಡಿದರೆ, "ಕೂಡಿತು!" ಎಂದು ಹಲಗೆ ಬಡಿಯುವನು. ಕೂಡದಿದ್ದರೆ ಹಲಗೆ ಸುಮ್ಮನಿರುವುದು. ಕೂಡಿದವರು ತಲೆ ಎತ್ತಿಕೊಂಡು ಸಭೆಯ ಬಯಲಿಗೆ ಹೋಗುವರು. ಆ ವರ್ಷವೆಲ್ಲ ಊರ ಕಾರಭಾರದ ಮಾತು ಅವರದು.

ಎಲ್ಲರಿಗಿಂತ ಕೊನೆಗೆ ಬಂದವನು ಊರ ಹಿರಿಯ. ಅವನನ್ನು ದೊಡ್ಡಂಗೈ ಎಂದೇ ಕರೆಯುತ್ತಿದ್ದರು. ಅಗಸೆಬಾಗಿಲಿನ ಪಕ್ಕದಲ್ಲಿದ್ದ ಅವನ ಗುರುತು ಮೊರದಷ್ಟು ಅಗಲ. ಅವನು ಕೈ ಇಟ್ಟ. ಕೈಯ ಸುತ್ತಲೂ ಒಂದು ಬೆರಳಿನಷ್ಟು ಜಾಗ ಖಾಲಿ ಉಳಿದದ್ದನ್ನು ನಾನು ಕಣ್ಣಾರೆ ಕಂಡೆ.

"ಕೂಡಿತು!" ಎಂದ ಡಂಗುರದವನು. ಹಲಗೆ ಮೂರು ಸಲ ಬಡಿಯಿತು. ಊರು ಹೋ ಎಂದು ಕೂಗಿತು.

ನನ್ನ ಹಿಂದಿನಿಂದ ಯಾರೋ ನಕ್ಕರು. ತಿರುಗಿದರೆ ಒಂದು ಮಣ್ಣಿನ ಗುಂಡಿ. ಗುಂಡಿಯಲ್ಲಿ ಮೊಣಕಾಲ ತನಕ ಕೆಸರಿನಲ್ಲಿ ನಿಂತ ಹೆಂಗಸು, ಸೀರೆಯನ್ನು ಕಚ್ಚೆ ಹಾಕಿ ಬಿಗಿದವಳು, ಮಣ್ಣಿಗೆ ಹೊಟ್ಟು ಕಲಸಿ ತುಳಿಯುತ್ತಿದ್ದಳು.

"ಏನ್ ನೋಡಾಕತ್ತೀಯೋ ತಮ್ಮಾ? ಬಾಯಿ ಮುಚ್ಚು, ನೊಣ ಹೊಕ್ಕಾವು."

"ಹಸಿವಿ ಆಗೇತಿ ಯಕ್ಕಾ."

"ಹಂಗಾರ ಕೆಳಗ ಇಳಿ. ನಮ್ಮ ಓಣ್ಯಾಗ ಕಾಲು ರಾಡಿ ಆಗದವರಿಗೆ ರೊಟ್ಟಿ ಕೊಡೂದಿಲ್ಲ."

ಇಳಿದೆ. ಹೀಗೆ ನಾನು ತುಳಿಯುವವಳ ಮನೆಯ ಆಳಾದೆ. ಗೋಡೆಯ ಬುಡಕ್ಕೇ ಒತ್ತಿಕೊಂಡ ಓಣಿ ಅವರದು. ಊರಿನ ಮಾಳಿಗೆಗಳಿಗೆಲ್ಲ ಮಣ್ಣು ತುಳಿದು ಕೊಡುವವರು ಆ ಓಣಿಯವರೇ. ತುಳಿಯುತ್ತ ತುಳಿಯುತ್ತ ಅವಳು ನನಗೆ ಯುದ್ಧದ ಕಥೆ ಹೇಳಿದಳು.

ಇಪ್ಪತ್ತೊಂದು ವರ್ಷದ ಹಿಂದೆ ಆ ಊರು ತನ್ನ ಅರಸನನ್ನು ಓಡಿಸಿತ್ತು. ಇನ್ನು ನಮ್ಮನ್ನು ನಾವೇ ಆಳಿಕೊಳ್ಳುತ್ತೇವೆ ಎಂದು ಏಳು ಓಣಿಯವರು ಬಯಲಿನಲ್ಲಿ ಕೂತರು. ಕೂತದ್ದೇ ಬಂತು. ಯಾರು ಮುಂದೆ ಕೂಡಬೇಕು ಎಂಬುದೇ ಬಗೆಹರಿಯಲಿಲ್ಲ. ಬಾವುಟಕ್ಕೆ ಯಾವ ಬಣ್ಣ ಎಂದು ಒಂದು ವರ್ಷ ಜಗಳವಾಡಿದರು. ಅಷ್ಟರಲ್ಲಿ ಅರಸ ಪರದಂಡು ಕಟ್ಟಿಕೊಂಡು ಹೊಳೆ ದಾಟಿ ಬಂದ.

ನಲವತ್ತು ದಿನ ಯುದ್ಧ. ಹಗಲೆಲ್ಲ ಅರಸನ ಆನೆಗಳು ಗೋಡೆಯನ್ನು ಗುದ್ದಿ ಕೆಡವಿದವು. ಹೊತ್ತಿಳಿಯುವ ಹೊತ್ತಿಗೆ ಊರು ಗೋಡೆಯನ್ನು ಮತ್ತೆ ಕಟ್ಟಿತು. ಗುಂಡಿಯಲ್ಲಿ ಕಾಲು ತುಳಿಯಿತು, ಬುಟ್ಟಿ ಏರಿತು, ಅಂಗೈ ಬಡಿಯಿತು. ಓಣಿ ಕೇಳುವವರಿಲ್ಲ, ಕುಲ ಕೇಳುವವರಿಲ್ಲ. ಆ ನಲವತ್ತು ದಿನ ಊರಿಗೆ ಇದ್ದದ್ದು ಒಂದೇ ಕಟ್ಟಳೆ: ಕೈಗೆ ಬಂದ ಬುಟ್ಟಿಯನ್ನು ನೆಲಕ್ಕೆ ಬಿಡಬಾರದು. ಬಾಣ ಬಿದ್ದವನು ಕೂಡ ಪಕ್ಕದವನ ಕೈಗೆ ಬುಟ್ಟಿ ಕೊಟ್ಟೇ ಬಿದ್ದ. ಕಾಲು ತುಳಿಯಿತು, ಬುಟ್ಟಿ ಏರಿತು, ಅಂಗೈ ಬಡಿಯಿತು. ನಲವತ್ತೊಂದನೇ ದಿನ ಆನೆಗಳು ಗೋಡೆಗೆ ಬೆನ್ನು ತಿರುಗಿಸಿದವು. ಅರಸ ಹೊಳೆಯಾಚೆ ಹೋಗಿ ಡೇರೆ ಹೊಡೆದು, "ನಾನು ಕಾಯುತ್ತೇನೆ" ಎಂದ. ಅವನ ಬೆಳ್ಗೊಡೆ ನಾನು ಹೋದಾಗಲೂ ಆಚೆ ದಂಡೆಯಲ್ಲಿ ಕೊಕ್ಕರೆಯಂತೆ ಬೆಳ್ಳಗೆ ಕಾಣುತ್ತಿತ್ತು.

ಗೆದ್ದ ಊರಿಗೆ ಒಂದು ಎದೆ ಬಂತು. ಬಾವುಟ ಮಣ್ಣಿನ ಬಣ್ಣದ್ದೇ ಇರಲಿ ಎಂದು ಏಳೂ ಓಣಿ ಒಂದೇ ಮಾತಿಗೆ ಒಪ್ಪಿದವು. ಹೆಣ್ಣು ನೋಡಲು ಹೋದವರು, "ನಿಮ್ಮ ಗುರುತು ಗೋಡ್ಯಾಗ ಎಲ್ಲಿ ಬರತೈತ್ರಿ?" ಎಂದು ಕೇಳತೊಡಗಿದರು. ರೊಟ್ಟಿ ಬಡಿಯುವ ಹೆಂಗಸರು ಕೊನೆಯ ಏಟನ್ನು ಐದು ಬೆರಳೂ ಮೂಡುವ ಹಾಗೆ ಬಡಿದರು. ಸಭೆ ಒಂದು ನಿಯಮ ಮಾಡಿತು: ಗೋಡೆಯ ಮೇಲಿನ ಗುರುತಿಗೆ ಯಾರ ಅಂಗೈ ಕೂಡುತ್ತದೋ ಅವರಿಗೆ ಮಾತು. ಕೂಡದವರು ಊರ ಕಾರಭಾರದ ಮಾತಾಡಿದರೆ, ಅಪಶಕುನ ಕೇಳಿದವರ ಹಾಗೆ, ಸಭೆಯವರು ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಳ್ಳಬೇಕು. ಗುರುತುಗಳನ್ನು ಯಾರೂ ಮುಟ್ಟಬಾರದು, ಅವುಗಳ ಮೇಲೆ ಹೊಸ ಮಣ್ಣು ಬೀಳಬಾರದು.

"ನಿನ್ನ ಗುರುತು ಎಲ್ಲಿ ಐತಿ ಯಕ್ಕಾ?" ಎಂದು ಕೇಳಿದೆ.

"ನಮ್ಮ ಓಣಿಯವರು ನಲವತ್ತು ದಿನಾ ಈ ಗುಂಡ್ಯಾಗ ಇದ್ವಿ. ನಮ್ಮವ್ವ ಮೂವತ್ತನೇ ದಿನ ಇಲ್ಲೇ ಕುಸಿದು ಹೋದಳು. ಕಾಲಿನ ಕೆಲಸದವರಿಗೆ ಕೈಗುರುತು ಎಲ್ಲಿಂದ ಬರಬೇಕೋ?"

"ಸಿಟ್ಟು ಬರೂದಿಲ್ಲೇನು?"

"ಸಿಟ್ಟಿನ ಮಾತು ಇರಲಿ. ಇಲ್ಲಿ ಬಾ, ಬಡಿದು ನೋಡು."

ಗೋಡೆಯ ಬುಡಕ್ಕೆ ಕರೆದುಕೊಂಡು ಹೋದಳು. ಬೆರಳ ಗಂಟಿನಿಂದ ಬಡಿದೆ. ಖಾಲಿ ಕಣಜದ ಸದ್ದು ಬಂತು. ಮಣ್ಣಿನ ಗೋಡೆಗೆ ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಹಸಿ ಮಣ್ಣು ಮೆತ್ತಿ ಗಿಲಾವು ಮಾಡಬೇಕು. ಇದು ಮಣ್ಣು ಬಲ್ಲ ಕೂಸಿಗೂ ಗೊತ್ತು. ಗುರುತು ಮುಚ್ಚಿ ಹೋದಾವೆಂದು ಈ ಊರು ಇಪ್ಪತ್ತು ವರ್ಷ ಗೋಡೆಗೆ ಒಂದು ಹಿಡಿ ಮಣ್ಣು ಹಚ್ಚಿರಲಿಲ್ಲ. ಗೋಡೆ ಒಳಗಿಂದೊಳಗೇ ಸೋರಿ ಹೋಗಿತ್ತು. ಬಿದ್ದರೆ ಮೊದಲು ಬೀಳುವುದು ತುಳಿಯುವವರ ಓಣಿಯ ಮೇಲೆ. ಆಮೇಲೆ ಆ ದಾರಿಯಲ್ಲೇ ಬೆಳ್ಗೊಡೆ ಬರುವುದು.

"ಒಂಬತ್ತು ಸಲ ಸಭಾಕ ಹೋಗಿ ಹೇಳೇನಿ," ಎಂದಳು. "ಒಂಬತ್ತು ಸಲಾನೂ ಕಿವಿ ಮುಚ್ಚಿದರು. ನಾಳೆ ಹತ್ತನೇದ್ದು."

ಮರುದಿನ ನಾನೂ ಜೊತೆಗೆ ಹೋದೆ. ಸಭೆಯಲ್ಲಿ ಎರಡು ಪಂಗಡ. ಗೋಡೆಯ ಎತ್ತರದಲ್ಲಿ ಗುರುತಿದ್ದವರು ಮೇಲ್ಗುರುತಿನವರು, ಬುಡದಲ್ಲಿದ್ದವರು ಕೆಳಗುರುತಿನವರು. ಆ ದಿನದ ವಿಷಯ, ಹಿತ್ತಾಳೆಯ ಕಟ್ಟು ಮೊದಲು ಯಾರ ಗುರುತುಗಳಿಗೆ ಹಾಕಿಸಬೇಕು ಎಂಬುದು.

"ನೀವು ಏಣಿ ಮ್ಯಾಲೆ ಗಾಳಿ ತಗೊಂತ ನಿಂತಿದ್ರಿ. ಆನಿ ಗುದ್ದಿದ್ದು ನಮ್ಮ ಎದೀಗೆ!" ಎಂದು ಕೆಳಗುರುತಿನ ಒಬ್ಬ ಎದ್ದ.

"ಆನಿ ಗುದ್ದಿದ್ದು ಖರೆ. ಬಾಣ ಯಾರ ತಲಿ ಮ್ಯಾಲೆ ಬಿದ್ದೂ? ನೀವು ನಮ್ಮ ನೆರಳಾಗ ತಣ್ಣಗ ಕುಂತಿದ್ರಿ," ಎಂದ ಮೇಲ್ಗುರುತಿನವನು.

ಇವರ ನಡುವೆ ಒಬ್ಬ ತರುಣ ತನ್ನ ಬಲಗೈಯನ್ನು ಮರದ ಹಲಗೆಗೆ ಕಟ್ಟಿಕೊಂಡು ಓಡಾಡುತ್ತಿದ್ದ. ಅಪ್ಪನ ಗುರುತಿಗೆ ಕೈ ಕೂಡಲಿ ಎಂದು ಬೆರಳು ಎಳೆಸಿಕೊಳ್ಳುತ್ತಿದ್ದನಂತೆ. ಮೂರು ವರ್ಷವಾಗಿತ್ತು. ಎಡಗೈಯಲ್ಲಿ ಉಣ್ಣುತ್ತಿದ್ದ.

ತುಳಿಯುವವಳು ಎದ್ದು ನಿಂತಳು. "ಗೋಡಿ ಟೊಳ್ಳು ಆಗೇತಿ. ಮಳಿ ಬರೂದರಾಗ..."

ಅಷ್ಟೇ. ನೂರಾರು ಅಂಗೈ ಒಟ್ಟಿಗೆ ಎದ್ದವು, ಹಕ್ಕಿಯ ಹಿಂಡಿನ ಹಾಗೆ. ನೂರಾರು ಕಿವಿಯ ಮೇಲೆ ಹೋಗಿ ಕೂತವು. ಯಾರ ಮುಖದಲ್ಲೂ ಸಿಟ್ಟಿಲ್ಲ. ಬಹಳ ಮರ್ಯಾದೆಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದರು. ಅವಳು ಹೇಳುವುದನ್ನೆಲ್ಲ ಹೇಳಿ ಮುಗಿಸಿದಳು. ನಾನೂ ಎದ್ದು, "ಖರೆ ಐತ್ರೀ, ನಾನೂ ಬಡಿದು ನೋಡೇನಿ!" ಎಂದು ಒದರಿದೆ. ನನಗೆ ಯಾರೂ ಕಿವಿಯನ್ನೂ ಮುಚ್ಚಲಿಲ್ಲ. ದಾರಿಹೋಕನ ಮಾತು ಅಲ್ಲಿ ಮಾತಲ್ಲ, ಗಾಳಿ.

ಸಂಜೆ ದೊಡ್ಡಂಗೈ ಅವಳ ಕಟ್ಟೆಗೆ ಬಂದು ಕೂತ. ದಿನಾಲೂ ಬಂದು ಒಂದು ತಂಬಿಗೆ ಮಜ್ಜಿಗೆ ಕುಡಿದು ಹೋಗುವುದು ಅವನ ರೂಢಿ. ಕೈಯನ್ನು ಶಲ್ಯದೊಳಗೆ ಮುಚ್ಚಿಟ್ಟುಕೊಂಡಿದ್ದ.

"ಏನ್ರಿ ಅಣ್ಣಾರ, ಗೋಡಿ ಮ್ಯಾಲಿನ ಕೈ ವರ್ಷಾ ವರ್ಷಾ ಬೆಳ್ಯಾಕತ್ತೈತೇನು?" ಎಂದಳು ತುಳಿಯುವವಳು.

"ಗೋಡಿ ಮಾತು ಬ್ಯಾಡವ್ವಾ." ಅವನ ಕೈಗಳು ಕಿವಿಯ ಕಡೆಗೆ ಎದ್ದವು.

"ನಾನೆಲ್ಲೆ ಗೋಡಿ ಮಾತಾಡಿದೆ? ನಮ್ಮನ್ಯಾಗ ಒಂದು ಕೊಡ ಐತಿ. ಮ್ಯಾಲೆ ಚಿತ್ತಾರ ಭಾಳ ಚಂದ. ತಳ ಸೋರತೈತಿ. ಮುಟ್ಟಿದರ ಚಿತ್ತಾರ ಅಳಿಸಿ ಹೊಕ್ಕೈತಿ ಅಂತ ಯಾರೂ ಮುಟ್ಟವಲ್ರು. ಕೊಡದ ಮಾತಿಗೂ ಕಿವಿ ಮುಚ್ಚತೀರೇನು?"

ದೊಡ್ಡಂಗೈ ಕೈ ಇಳಿಸಿದ. ಮಜ್ಜಿಗೆ ಕುಡಿದು ತಂಬಿಗೆಯನ್ನು ಕೆಳಗಿಟ್ಟು ಹೇಳಿದ:

"ಕೆಲವು ಮಾತು ಕೇಳಿದ ಮ್ಯಾಲೆ ಸುಮ್ಮನ ಕೂಡಾಕ ಬರೂದಿಲ್ಲವ್ವಾ. ಅದಕ್ಕ ಕಿವಿ ಮುಚ್ಚತೇವಿ."

ಎದ್ದು ಹೋದ. ಅವನ ನೆರಳು ಗೋಡೆಯ ಗುಂಟ ಬಹಳ ದೂರದ ತನಕ ಹೋಯಿತು.

ಮಳೆ ಎಂಟು ದಿನಕ್ಕೆ ಬಂತು. ಮಧ್ಯಾಹ್ನದ ಹೊತ್ತು. ಮೊದಲ ಹನಿಗಳು ಹುರಿದ ಜೋಳದ ಹಾಗೆ ಸಿಡಿದವು. ಆಮೇಲೆ ಆಕಾಶವೇ ಕಟ್ಟೆ ಒಡೆದ ಹಾಗಾಯಿತು. ತುಳಿಯುವವಳು ಓಣಿಯ ಪ್ರತಿ ಬಾಗಿಲನ್ನೂ ಬಡಿದು, ಮುದುಕರನ್ನೂ ಕೂಸುಗಳನ್ನೂ ಹೊರಗೆ ಎಳೆದು ಬಯಲಿಗೆ ಅಟ್ಟಿದಳು. ಕೊನೆಯ ಮನೆಯವರು ಹೊಸ್ತಿಲು ದಾಟಿದ್ದರೋ ಇಲ್ಲವೋ, ಗೋಡೆ ಒಮ್ಮೆ ನಿಟ್ಟುಸಿರು ಬಿಟ್ಟಿತು. ಎರಡು ಬಂಡಿ ಜೋಡಿಯಾಗಿ ಹಾಯುವಷ್ಟು ಅಗಲಕ್ಕೆ ಕುಸಿದು ಕೂತಿತು. ಆ ಬಿರುಕಿನಲ್ಲಿ ಹೊಳೆ ಕಾಣಿಸಿತು. ಹೊಳೆಯಾಚೆ ನಗಾರಿ ಕೇಳಿಸಿತು. ಇಪ್ಪತ್ತು ವರ್ಷ ಕದಲದ ಬೆಳ್ಗೊಡೆ ಎದ್ದು ನೀರಿನಂಚಿಗೆ ಬಂದು ನಿಂತಿತು.

ಊರು ಓಡಿ ಬಂತು. ಕೈಯಲ್ಲಿ ಏನು ಹಿಡಿದು ಬಂತು ಕೇಳಿರಿ. ಸಲಿಕೆಯಲ್ಲ, ಗುದ್ದಲಿಯಲ್ಲ. ಚಾಪೆ, ಕಂಬಳಿ, ಕೌದಿ! ಬಿರುಕಿನ ಆಚೀಚೆ ಇನ್ನೂ ನಿಂತಿದ್ದ ಗುರುತುಗಳಿಗೆ ಮಳೆ ತಾಗದಂತೆ ಹೊದಿಸತೊಡಗಿದರು. ಗೋಡೆ ಹೋಳು ಹೋಳಾಗಿ ಬೀಳುತ್ತಿದೆ, ಇವರು ಅದಕ್ಕೆ ಕೌದಿ ಹೊದಿಸುತ್ತಿದ್ದಾರೆ. ಮೇಲ್ಗುರುತಿನವರು ಏಣಿ ಹತ್ತಿ ಕಂಬಳಿ ಹಿಡಿದರೆ, ಅದರ ನೀರು ನಮ್ಮ ಗುರುತಿನ ಮೇಲೆ ಇಳಿಯುತ್ತದೆ ಎಂದು ಕೆಳಗುರುತಿನವರು ಏಣಿ ಅಲುಗಾಡಿಸಿದರು.

ತುಳಿಯುವವಳು ಯಾರಿಗೂ ಏನೂ ಹೇಳಲಿಲ್ಲ. ಗುಂಡಿಗೆ ಇಳಿದಳು. ಓಣಿಯವರು ಅವಳ ಹಿಂದೆ ಇಳಿದರು. ಕಾಲು ತುಳಿಯಿತು. ನಾನು ಬುಟ್ಟಿ ತುಂಬಿದೆ. ತುಂಬಿದ ಬುಟ್ಟಿಯನ್ನು ಎತ್ತಿ, ಯಾರೆಂದು ನೋಡದೆ, ಹತ್ತಿರ ನಿಂತವನ ಕೈಗೆ ಕೊಟ್ಟೆ. ಅವನು ಡಂಗುರದವನು. ಅವನ ಕೈಯಲ್ಲಿದ್ದ ಚಾಪೆ ಜಾರಿ ಬಿತ್ತು. ಬುಟ್ಟಿ ಬೀಳಲಿಲ್ಲ. ಅವನ ಕೈಗೆ ಇಪ್ಪತ್ತು ವರ್ಷದ ಹಿಂದಿನದೆಲ್ಲ ನೆನಪಿತ್ತು. ತಿರುಗಿ ಪಕ್ಕದವನಿಗೆ ಕೊಟ್ಟ. ಅವನು ಅವನ ಪಕ್ಕದವಳಿಗೆ. ಎರಡನೇ ಬುಟ್ಟಿ, ಹತ್ತನೇ ಬುಟ್ಟಿ, ನೂರನೇ ಬುಟ್ಟಿ. ಕಂಬಳಿಗಳು ಕೆಸರಿಗೆ ಬಿದ್ದವು, ಕೌದಿಗಳು ಬಿದ್ದವು. ಗುಂಡಿಯಿಂದ ಬಿರುಕಿನ ತನಕ ಊರೆಲ್ಲ ಒಂದು ಸಾಲಾಗಿ ನಿಂತಿತು. ಮೇಲ್ಗುರುತಿನವನ ಕೈಯಿಂದ ಬುಟ್ಟಿ ಕೆಳಗುರುತಿನವನ ಕೈಗೆ ಹೋಯಿತು. ಹಲಗೆಗೆ ಕೈ ಕಟ್ಟಿಕೊಂಡ ತರುಣ ಹಲ್ಲಿನಿಂದ ದಾರ ಕಡಿದುಕೊಂಡು ಸಾಲಿಗೆ ಬಂದ.

ಆದರೆ ಬಿರುಕಿನಲ್ಲಿ ಮಣ್ಣು ನಿಲ್ಲಲಿಲ್ಲ. ಹಾಕಿದ್ದು ಹಾಕಿದಂತೆ ಜಾರಿತು. ತುಳಿಯುವವಳು ಗುಂಡಿಯಿಂದ ಎದ್ದು, ಬಿರುಕಿನ ದಿಬ್ಬದ ಮೇಲೆ ಹತ್ತಿ, ಊರಿನ ಕಡೆಗೆ ತಿರುಗಿ ನಿಂತಳು.

"ಕೇಳ್ರಿ!" ಎಂದಳು.

ಕೈಗಳು ಕಿವಿಗೆ ಏಳಬೇಕು. ಏಳಲಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಬುಟ್ಟಿ ಇತ್ತು. ಕಿವಿ ಮುಚ್ಚಬೇಕೆಂದರೆ ಬುಟ್ಟಿ ಬಿಡಬೇಕು. ಆ ಯುದ್ಧ ಕಂಡ ಒಬ್ಬನೂ ಬುಟ್ಟಿ ನೆಲಕ್ಕೆ ಬಿಡುವವನಲ್ಲ. ಹಾಗೇ ನಿಂತರು, ಮಳೆ ಮುಖದ ಮೇಲೆ ಹರಿಯುತ್ತಿತ್ತು. ಇಪ್ಪತ್ತು ವರ್ಷಕ್ಕೆ ಮೊದಲ ಸಲ ಊರು ಅವಳ ದನಿ ಕೇಳಿತು.

"ಒಣಗಿ ಗಟ್ಟಿಯಾದ ಮಣ್ಣಿಗೆ ಹಸಿ ಮಣ್ಣು ಹತ್ತೂದಿಲ್ಲ. ಆಚೀಚೆ ಗೋಡಿ ಮಾರಿ ಪೂರಾ ಕೆರೀಬೇಕು. ಗುರುತು ಅಳಿದು ಹೊಕ್ಕಾವು. ನಾನು ಸುಳ್ಳು ಹೇಳೂದಿಲ್ಲ, ಎಲ್ಲಾ ಹೊಕ್ಕಾವು. ಕೆರೆದ ಮಣ್ಣು ಈ ಗುಂಡಿಗೆ ಹಾಕ್ರಿ. ಹಳೇ ಮಣ್ಣು ಬೆರೆತರನ ಹೊಸ ಮಣ್ಣಿಗೆ ಕಸುವು. ಗುರುತು ಬೇಕೋ ಗೋಡಿ ಬೇಕೋ, ನೀವ ಹೇಳ್ರಿ. ಭಾಳ ಹೊತ್ತಿಲ್ಲ."

ಆಚೆ ದಂಡೆಯಲ್ಲಿ ನಗಾರಿ ಬಡಿಯುತ್ತಿತ್ತು.

ಆಗ ದೊಡ್ಡಂಗೈ ಸಾಲಿನಿಂದ ಹೊರಬಂದ. ತನ್ನ ಬುಟ್ಟಿಯನ್ನು ಪಕ್ಕದವಳ ಕೈಗೆ ಕೊಟ್ಟ. ಮೊರದಗಲದ ತನ್ನ ಗುರುತಿನ ಮುಂದೆ ಹೋಗಿ ಅಂಗೈ ಇಟ್ಟ. ಎಲ್ಲರಿಗೂ ಕಾಣುವಂತೆ ಪಕ್ಕಕ್ಕೆ ಸರಿದು ನಿಂತ.

"ನೋಡ್ರಿ. ಕೂಡೂದಿಲ್ಲ. ಐದು ವರ್ಷ ಆತು, ನನ್ನ ಕೈ ಕೂಡವಲ್ದು. ಡಂಗುರದವಗೂ ಗೊತ್ತೈತಿ."

ಡಂಗುರದವನು ತಲೆ ತಗ್ಗಿಸಿದ.

"ಆವತ್ತು ಇದನ್ನ ಬಡಿಯೂ ಮುಂದ," ಎಂದ ದೊಡ್ಡಂಗೈ, "ಗುರುತು ಉಳೀಲಿ ಅಂತ ಬಡಿದಿರಲಿಲ್ಲ. ಗೋಡಿ ಉಳೀಲಿ ಅಂತ ಬಡಿದಿದ್ದೆ. ನಡುವ ಮರತೆ ನೋಡ್ರೆವ್ವಾ."

ಸಲಿಕೆ ಎತ್ತಿದ. ಕೈಯಾರೆ ತನ್ನ ಅಂಗೈಯನ್ನು ಕೆರೆದ. ಹೆಬ್ಬೆರಳು ಹೋಯಿತು, ಕಿರುಬೆರಳು ಹೋಯಿತು, ಅಂಗೈಯ ಗುಳಿ ಹೋಯಿತು. ಬಿದ್ದ ಮಣ್ಣನ್ನು ಬುಟ್ಟಿಗೆ ತುಂಬಿ ತಾನೇ ಹೊತ್ತು ತಂದು ಗುಂಡಿಗೆ ಸುರಿದ. ಧೋತರ ಎತ್ತಿ ಕಟ್ಟಿ ಗುಂಡಿಗೆ ಇಳಿದ.

"ಹೆಂಗ ತುಳೀಬೇಕವ್ವಾ? ನನಗ ಬರೂದಿಲ್ಲ."

"ಮೊದಲ ಹಿಮ್ಮಡ ಇಡ್ರಿ ಅಣ್ಣಾರ, ಆಮ್ಯಾಲೆ ಬೆರಳು. ಹಿಮ್ಮಡ ಗಟ್ಟಿ ಇದ್ದರ ಬೀಳೂದಿಲ್ಲ," ಎಂದು ತುಳಿಯುವವಳು ತೋರಿಸಿದಳು. ಅವನು ಎರಡು ಹೆಜ್ಜೆ ಇಟ್ಟು ಧೊಪ್ಪನೆ ಕೂತ. ಊರೆಲ್ಲ ನಕ್ಕಿತು. ಆ ಮಳೆಯಲ್ಲಿ, ಆ ಬಿರುಕಿನ ಮುಂದೆ, ಅರಸನ ನಗಾರಿಯನ್ನೂ ಮುಳುಗಿಸುವಂತೆ ನಕ್ಕಿತು. ನಕ್ಕವರೆಲ್ಲ ಒಬ್ಬೊಬ್ಬರಾಗಿ ಸಲಿಕೆ ತಂದರು. ತಮ್ಮ ಗುರುತನ್ನು ತಾವೇ ಕೆರೆದರು. ಕೆಲವರು ಅತ್ತರು. ಅಳುತ್ತಲೇ ಕೆರೆದರು. ಒಬ್ಬ ಮುದುಕಿ ಸತ್ತ ಮಗನ ಗುರುತಿನ ಮುಂದೆ ಬಹಳ ಹೊತ್ತು ನಿಂತಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಬೆರಳಿನಿಂದಲೇ ಬಿಡಿಸಿ, ಸೆರಗಿನಲ್ಲಿ ತುಂಬಿಕೊಂಡು ತಂದು ಗುಂಡಿಗೆ ಹಾಕಿ, ತಾನೇ ತುಳಿದಳು.

ಮೂರು ದಿನ. ಮಳೆ ಬಂತು, ಮಳೆ ನಿಂತಿತು, ಮತ್ತೆ ಬಂತು. ಕಾಲು ತುಳಿಯಿತು, ಬುಟ್ಟಿ ಏರಿತು, ಅಂಗೈ ಬಡಿಯಿತು. ಇದು ಯಾರ ಅಂಗೈ ಎಂದು ಯಾರೂ ನೋಡಲಿಲ್ಲ. ಬಡಿದದ್ದರ ಮೇಲೆ ಇನ್ನೊಂದು ಬಿತ್ತು, ಅದರ ಮೇಲೆ ಮತ್ತೊಂದು. ಗೋಡೆ ಮೊಣಕಾಲೆತ್ತರ ಬಂತು, ಎದೆಯೆತ್ತರ ಬಂತು. ಅರಸನ ತೆಪ್ಪಗಳು ಎರಡು ಸಲ ನಡುಹೊಳೆಯ ತನಕ ಬಂದವು. ತೆಪ್ಪದಲ್ಲಿದ್ದವರು ನೋಡಿದ್ದಿಷ್ಟು: ಗಂಡಸರು, ಹೆಂಗಸರು, ಹಿರಿಯ, ಡಂಗುರದವನು, ಯಾರು ಯಾರೆಂದು ಗುರುತು ಹತ್ತದಂತೆ ತಲೆಯಿಂದ ಕಾಲಿನ ತನಕ ಮಣ್ಣು ಮೆತ್ತಿಕೊಂಡವರು, ಹಾಡು ಹೇಳಿಕೊಂಡು ತುಳಿಯುತ್ತಿದ್ದಾರೆ. ಯಾರ ಕಡೆಗೆ ಬಾಣ ಬಿಡುವುದು, ಯಾರನ್ನು ಕೆಡವಿದರೆ ಊರು ಬೀಳುತ್ತದೆ, ಅವರಿಗೆ ತಿಳಿಯಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಆಚೆ ದಂಡೆಯಲ್ಲಿ ಬೆಳ್ಗೊಡೆ ಮಡಚಿತು. ಡೇರೆಗಳು ಬಿದ್ದವು. ಇಪ್ಪತ್ತು ವರ್ಷ ಕಾದವನು, ಹಿಂದಿರುಗಿ ನೋಡದೆ, ಗುಡ್ಡ ಹತ್ತಿ ಹೋದ.

ಆಗ ಊರು ಕೂಗಿದ ಕೂಗು ಹೇಳಲೇ? ಹೊಳೆಯ ನೀರು ಒಂದು ಗಳಿಗೆ ನಿಂತು ಕೇಳಿತು. ಗೆಲುವಿನ ದಿನಗಳಲ್ಲಿ ಕೂಗುತ್ತಿದ್ದ ಕೂಗು ಹಿಂದಿನದರ ನೆನಪು. ಇದು ಇವತ್ತಿನದು. ಬಿಸಿ ಬಿಸಿ ಗೆಲುವು.

ಸಭೆ ಬಯಲಿನಲ್ಲಿ ಕೂಡಲಿಲ್ಲ. ಗುಂಡಿಯಲ್ಲೇ ಕೂಡಿತು. ಡಂಗುರದವನು ಎದ್ದು, ಇನ್ನು ಮಾತು ಯಾರದು ಎಂದು ಕೇಳಿದ. ತುಳಿಯುವವಳು, "ಪ್ರತಿ ವರ್ಷ ಗಿಲಾವು ಐತಿ. ಆ ವರ್ಷ ಮಣ್ಣು ಮುಟ್ಟಿದವರಿಗೆ ಆ ವರ್ಷದ ಮಾತು. ಅಪ್ಪಂದು ಮಗಗ ಬ್ಯಾಡ, ಹ್ವಾದ ವರ್ಷದ್ದು ಈ ವರ್ಷಕ್ಕ ಬ್ಯಾಡ," ಎಂದಳು. ಒಪ್ಪಿದರು.

ಅಷ್ಟರಲ್ಲಿ ಕೈಗೆ ಹಲಗೆ ಕಟ್ಟಿಕೊಂಡಿದ್ದ ತರುಣ ಹಸಿ ಗೋಡೆಯ ಮೇಲೆ ತನ್ನ ಅಂಗೈಯನ್ನು ಫಟ್ಟನೆ ಬಡಿದೇ ಬಿಟ್ಟ. ಬೆರಳು ಮೂಡಿದವು. "ಏ, ಏ! ಮತ್ತ ಶುರು ಮಾಡಿದನಲ್ಲೋ ಇವ!" ಎಂದು ಡಂಗುರದವನು ಅಳಿಸಲು ಓಡಿದ.

"ಇರಲಿ ಬಿಡೋ," ಎಂದಳು ತುಳಿಯುವವಳು. "ಹುಡುಗನ ಆಸೆ. ಬರೂ ವರ್ಷ ಕೆರೆಯೂದ ಐತೆಲ್ಲ."

ಆಮೇಲೆ ಅವಳು ನನ್ನ ಕಡೆ ತಿರುಗಿ, "ಇವನೂ ಮೂರು ದಿನ ಮಣ್ಣು ಹೊತ್ತಾನ. ಇವಗೂ ಮಾತು ಐತಿ. ಏಳೋ ತಮ್ಮಾ, ಏನರೆ ಹೇಳು," ಎಂದಳು.

ನೂರಾರು ಮುಖ ನನ್ನ ಕಡೆ ತಿರುಗಿದವು. ಒಂದು ಕೈಯೂ ಕಿವಿಗೆ ಏಳಲಿಲ್ಲ. ಎಷ್ಟೋ ಊರಿನಲ್ಲಿ ಉಂಡಿದ್ದೆ, ಮಲಗಿದ್ದೆ, ಒದೆಸಿಕೊಂಡಿದ್ದೆ. ಏನರೆ ಹೇಳು ಎಂದು ಯಾವ ಊರೂ ಕೇಳಿರಲಿಲ್ಲ.

"ಅಗಸಿ ಬಾಗಲಕ್ಕ ಯಾರರೆ ಬಂದರ," ಎಂದೆ, "ಯಾವ ಊರು, ಯಾರ ಮಗ ಅಂತ ಕೇಳಬ್ಯಾಡ್ರಿ. ಹಸಿವಿ ಆಗೇತೇನು ಅಂತ ಕೇಳ್ರಿ. ಆಮ್ಯಾಲೆ ಗುಂಡಿ ತೋರಸ್ರಿ."

ದೊಡ್ಡಂಗೈ ಮೊದಲು ಕೈ ಎತ್ತಿದ. ಸಣ್ಣ ಕೈ, ಸುಕ್ಕುಗಟ್ಟಿದ್ದು, ಮಣ್ಣು ಮೆತ್ತಿದ್ದು. ಆಮೇಲೆ ಎಲ್ಲರ ಕೈ ಎದ್ದವು. ನನ್ನ ಮಾತು ಆ ಊರಿನ ಕಟ್ಟಳೆಯಾಯಿತು.

ಇಷ್ಟಾದ ಮೇಲೆ ನಾನು ಅಲ್ಲಿ ಇರಬೇಕಿತ್ತು. ಹದಿನೈದು ದಿನ ಇದ್ದೆ ಕೂಡ. ಹದಿನಾರನೇ ದಿನ ಅಂಗಾಲು ತುರಿಸಿತು. ತುಳಿಯುವವಳ ಪಡಸಾಲೆಯಲ್ಲಿ ಧೋತರದ ಅರಿವೆ ಹಾಸಿ, ಒಂದು ಅಂಗಿ, ಗಿಲಾವಿನ ಒಂದು ಕರಣೆ, ಚಕಮಕಿ ಕಲ್ಲು ಇಟ್ಟೆ. ಅವಳು ಒಣಗಿಸಿದ ನಾಲ್ಕು ಕಟಿ ರೊಟ್ಟಿ ತಂದು ಮೇಲಿಟ್ಟಳು.

"ವರ್ಷಪೂರ್ತಿ ಮಾತು ಐತಿ ನಿನಗ. ಅದನ್ನ ಬಿಟ್ಟು ಯಾರರೆ ಹೊಕ್ಕಾರೇನೋ ಹುಚ್ಚಾ?"

"ಹೇಳೂದು ಹೇಳೇನಿ ಯಕ್ಕಾ. ಇನ್ನೊಂದಕ್ಕ ಇನ್ನೊಂದು ವರ್ಷ ಬೇಕು."

"ಹೋಗು ಹಂಗಾರ. ನಿನ್ನಂಥವರು ನಿಂತರ ಕೊಳೀತೀರಿ," ಎಂದು ಬೈದು, ಸೆರಗು ಸಿಕ್ಕಿಸಿಕೊಂಡು ಸಭೆಗೆ ಹೊರಟುಹೋದಳು. ಅವಳಿಗೆ ಅಲ್ಲಿ ಕೆಲಸವಿತ್ತು.

ಸಭೆಯ ಗದ್ದಲ ಪಡಸಾಲೆಯ ತನಕ ಬರುತ್ತಿತ್ತು. ಬಾವಿಯ ನೀರು ಯಾವ ಓಣಿಗೆ ಎಷ್ಟು ಎಂದು ಏಳೂ ಓಣಿಯವರು ಹರಿದು ತಿನ್ನುವಂತೆ ಕಚ್ಚಾಡುತ್ತಿದ್ದರು. ಮುದುಕಿಯರು ಒದರುತ್ತಿದ್ದರು, ದೊಡ್ಡಂಗೈ ಮಾತಿಗೆ ಯಾರೋ "ಕುಂಡ್ರೋ ಮುದುಕಾ" ಎಂದರು, ಎಲ್ಲರ ಮೇಲೆ ತುಳಿಯುವವಳ ದನಿ ಏರಿತು, ಅದರ ಮೇಲೆ ಇನ್ನೊಂದು. ಒಬ್ಬರ ಮಾತೂ ಪೂರ್ತಿಯಾಗಲಿಲ್ಲ, ಒಬ್ಬರ ಮಾತೂ ಬಿಟ್ಟುಹೋಗಲಿಲ್ಲ. ನಾನು ಕೇಳಿದ ಸಪ್ಪಳಗಳಲ್ಲೆಲ್ಲ ಇಷ್ಟು ಚೆಂದದ್ದು ಇನ್ನೊಂದಿಲ್ಲ. ಅರಿವೆಯ ನಾಲ್ಕೂ ತುದಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೇಳುತ್ತ ಕೂತಿದ್ದೆ. ಆಮೇಲೆ ಗಂಟು ಬಿಗಿದೆ.